ಎಲ್ಲ ಶಾಖೆಗೂ ಒಬ್ಬ ಅಂಬಾರಾಯ

ಮರಾಠಿ ನಾಡಿನ ಸದಾಶಿವ ಪೇಠದ ಹಳೇ ವಾಡೆಯೊಂದರ ಮಾಳಿಗೆಯಲ್ಲಿ ಗೂಳಪ್ಪನವರ ಪಾರ್ಸೆಲ್ ಕಂಪನಿ. ಸಾಸವಡ, ಕುರಕುಂಭ ಮೊದಲಾದ ಕಡೆಯ ಶಾಖೆಗಳ ಕಂಪ್ಯೂಟರುಗಳನ್ನೆಲ್ಲ ನೋಡಿಕೊಳ್ಳುವವನು ಕಲಬುರಗಿ ಕಡೆಯ ಅಂಬಾರಾಯ. ಒಬ್ಬನೇ. ಹಾಗೆ ಒಬ್ಬನಾದದ್ದೂ ತನ್ನ ಕೈಯಾರೆ.

ಮೊದಲು ಇಬ್ಬರಿದ್ದರು. ಅರ್ಧ ಶಾಖೆಗಳಲ್ಲಿ ವಿಂಡೋಸ್, ಅದು ಅಂಬಾರಾಯನದು. ಇನ್ನರ್ಧದಲ್ಲಿ ಲಿನಕ್ಸ್ ಎಂಬ ಬೇರೆಯದೇ ತಂತ್ರಾಂಶ, ಅದರ ಹೊಣೆ ಮಂಡ್ಯದ ಮಿಥುನನದು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಜಗಳ ಶುರು. ರೊಟ್ಟಿ ಮುರಿದು ಮಿಥುನನ ಡಬ್ಬಿಗೆ ಹಾಕುತ್ತಲೇ ಅಂಬಾರಾಯ ಅನ್ನುವನು, "ಎಲ್ಲಾ ಒಂದ ನಮೂನಿ ಇದ್ರ ಒಂದ ಕೀಲಿ ಹಾಕಿದ್ರ ಸಾಕು ನೋಡು."

ಮಿಥುನ ಮೆಸ್ಸಿನ ಅನ್ನ ಕಲಸುತ್ತಾ, "ಆ ಬೀಗ ಒಬ್ಬ ಕಳ್ಳ ಮುರಿದ್ರೆ ಎಲ್ಲಾ ಬಾಗ್ಲೂ ಓಪನ್ ಆಯ್ತಲ್ಲ ಗುರು" ಎನ್ನುವನು.

ಒಮ್ಮೆ ಮಿಥುನ ಕುರಕುಂಭದ ಕಂಪ್ಯೂಟರಿಗೆ ಅಪ್‌ಡೇಟ್ ಹಾಕುವುದನ್ನು ಮರೆತ. ವೈರಸ್ ನುಗ್ಗಿ ಅಲ್ಲಿಯ ಬಿಲ್ಲುಗಳೆಲ್ಲ ಹಾಳಾದವು. ವಾದ ಗೆಲ್ಲಲು ಇನ್ನೇನು ಬೇಕು? ಎಲ್ಲ ಕಡೆ ವಿಂಡೋಸೇ ಇರಲಿ ಎಂದು ಅಂಬಾರಾಯ ಗೂಳಪ್ಪನವರಿಗೆ ಹೇಳಿಯೇ ಬಿಟ್ಟ. ಹಾಗೇ ಆಯಿತು. ಆಮೇಲೆ ಮಿಥುನನಿಗೇನು ಕೆಲಸ ಉಳಿದೀತು ಎಂಬುದು ಮಾತ್ರ ಈ ಜಾಣನಿಗೆ ಹೊಳೆದಿರಲಿಲ್ಲ. ಮಿಥುನ ಹೈದರಾಬಾದಿಗೆ ಹೋದ. ಅವನ ಫೋನು ಮೊದಲು ವಾರಕ್ಕೊಮ್ಮೆ, ಆಮೇಲೆ ಹಬ್ಬಕ್ಕೊಮ್ಮೆ, ಆಮೇಲೆ ಇಲ್ಲ.

ವರ್ಷಗಟ್ಟಲೆ ಒಂದೂ ತಕರಾರಿಲ್ಲ. ವೈರಸ್ಸೂ ಸುಳಿಯಲಿಲ್ಲ, ಮನುಷ್ಯರೂ ಸುಳಿಯಲಿಲ್ಲ. ಡ್ರೈವರುಗಳ ಜೊತೆ ಮರಾಠಿಯಲ್ಲಿ ಎರಡು ಮಾತು, ಅಷ್ಟೇ. ಊಟದ ಹೊತ್ತು ಅಂಬಾರಾಯನಿಗೆ ಬೇಡವಾಗಿಬಿಟ್ಟಿತು.

ಕಳೆದ ಶ್ರಾವಣದಲ್ಲಿ, ವೈರಸ್ ತಡೆಯುವ ತಂತ್ರಾಂಶದ್ದೇ ಒಂದು ಕೆಟ್ಟ ಅಪ್‌ಡೇಟ್ ಬಂದು ಎಲ್ಲ ಶಾಖೆಗಳ ಪರದೆಯೂ ಒಟ್ಟಿಗೇ ನೀಲಿಯಾಗಿ ಕಂಪ್ಯೂಟರುಗಳು ನಿಂತೇಹೋದವು. ಬಿಲ್ಲಿಲ್ಲದೆ ಲಾರಿ ಹೊರಡುವಂತಿಲ್ಲ. ಶಾಖೆಯಿಂದ ಶಾಖೆಗೆ ಅಲೆದು ಒಂದೊಂದನ್ನೇ ಸರಿಮಾಡುವಷ್ಟರಲ್ಲಿ ಅಂಬಾರಾಯ ಹಣ್ಣಾದ. ಆದರೂ ಒಳಗೊಳಗೇ ಖುಷಿ. ಇನ್ನು ಮಿಥುನನನ್ನು ಕರೆಸಬಹುದು.

"ಅರ್ಧ ಶಾಖಾಕ್ಕ ಮತ್ತ ಲಿನಕ್ಸ್ ಹಾಕೂಣ್ರಿ," ಎಂದ ಗೂಳಪ್ಪನವರೆದುರು. "ಎಲ್ಲಾ ಒಮ್ಮೆಲೇ ಬೀಳಂಗಿಲ್ಲ. ಆದ್ರ ನನಗ ಅದು ಬರಂಗಿಲ್ರಿ. ಮಿಥುನನ್ನ ಕರಸ್ಲೇನ್ರಿ?"

ಗೂಳಪ್ಪನವರು ಪ್ರೀತಿಯಿಂದಲೇ ಅವನ ಹೆಗಲ ಮೇಲೆ ಕೈಯಿಟ್ಟರು. "ಖರೆ ಅದ, ಹಾಕು. ಮಂದಿ ಯಾಕ? ಅದನ್ನೂ ನೀನ ಕಲ್ಕೋ. ನೀ ಒಬ್ಬ ಇದ್ರ ನನಗ ಹತ್ತು ಮಂದಿ ಇದ್ದಂಗ."

ಇಷ್ಟು ಹೊಗಳಿಸಿಕೊಂಡ ಅಂಬಾರಾಯ "ಆಯ್ತ್ರೀ" ಎಂದು ಎದ್ದು ಬಂದ. ಎಲ್ಲಾದರೂ ಅರ್ಥವಾಗದೆ ಸಿಕ್ಕಿಹಾಕಿಕೊಂಡರೆ ಮಿಥುನನಿಗೆ ಫೋನು ಮಾಡಿ ಕೇಳಬಹುದು ಎಂಬ ಆಸೆಯಿಂದಲೇ ಲಿನಕ್ಸ್ ಕಲಿಯತೊಡಗಿದ. ಎಲ್ಲೂ ಸಿಕ್ಕಿಹಾಕಿಕೊಳ್ಳಲಿಲ್ಲ.