ಪಂಕ್ಚರಕ್ಕನ ಐವತ್ತೆಂಟನೇ ಜಾಯಿಂಟು

ಬೆಳಗಿನ ಐದೂಕಾಲು. ಹೊರಗೆ ಬೆಳಕು ಹರಿದಿದೆಯೋ ಇಲ್ಲವೋ, ಈ ಸುರಂಗದೊಳಗೆ ಇರುವವರಿಗೆ ತಿಳಿಯುವುದಿಲ್ಲ. ದಪ್ಪನೆಯ ಕಾಂಕ್ರೀಟ್ ಗೋಡೆ, ಹೆಸರಿಗೂ ಒಂದು ಕಿಟಕಿಯಿಲ್ಲ, ಮೂರು ಹೊತ್ತೂ ಅದೇ ಟ್ಯೂಬ್‌ಲೈಟು. ಸೊಂಟದೆತ್ತರದಲ್ಲಿ ಈ ತುದಿಯಿಂದ ಆ ತುದಿಗೆ ಅರವತ್ತು ಮೀಟರ್ ಉದ್ದದ ಉಕ್ಕಿನ ಕೊಳವೆ, ಮಣಿಕಟ್ಟಿನಷ್ಟು ದಪ್ಪ. ಅದರ ಕೆಳಗಿನಿಂದ ಎರಡು ಪಾದಗಳು ಆಚೆ ಚಾಚಿಕೊಂಡಿವೆ.

“ನಿದ್ದೆ ಮಾಡ್ತಿದ್ದಾಳೆ ಅಂದ್ಕೋಬೇಡಿ,” ಎಂದು ಕೊಳವೆಯ ಅಡಿಯಿಂದ ದನಿ ಬರುತ್ತದೆ. “ಕೆಲಸ ಮಾಡೋವಾಗ್ಲೂ ಹೀಗೇ ಕಾಣ್ತೀನಿ, ನಿದ್ದೆ ಮಾಡೋವಾಗ್ಲೂ ಹೀಗೇ ಕಾಣ್ತೀನಿ. ಇತ್ತೀಚೆಗೆ ಯಾವುದು ಯಾವುದು ಅಂತ ನನಗೇ ಗೊತ್ತಾಗಲ್ಲ.”

ದನಿ ಪಂಕ್ಚರಕ್ಕನದು. ವಯಸ್ಸು ಐವತ್ತೊಂಬತ್ತು, ಕೆಲಸಕ್ಕೆ ಸೇರಿ ಮೂವತ್ತೊಂದು ವರ್ಷ, ನಿವೃತ್ತಿಗೆ ಇನ್ನು ನಾಲ್ಕು ತಿಂಗಳು. ಹುದ್ದೆಯ ಹೆಸರು ನಿರ್ವಾತ ತಂತ್ರಜ್ಞೆ ಎಂದು ಗುರುತಿನ ಚೀಟಿಯಲ್ಲಿದೆ. ಅಲ್ಲಿ ಬಿಟ್ಟರೆ ಇನ್ನೆಲ್ಲೂ ಆ ಹೆಸರನ್ನು ಯಾರೂ ಬಳಸಿದ್ದಿಲ್ಲ.

ಇದು ಇಲೆಕ್ಟ್ರಾನ್ ಕಿರಣದ ಪರೀಕ್ಷಾ ಕೇಂದ್ರ. ಕೊಳವೆಯ ಒಂದು ತುದಿಯಲ್ಲಿ ಇಲೆಕ್ಟ್ರಾನ್‌ಗಳನ್ನು ಹುಟ್ಟಿಸಿ, ಹಂತ ಹಂತವಾಗಿ ತಳ್ಳಿ, ಹೆಚ್ಚುಕಡಿಮೆ ಬೆಳಕಿನ ವೇಗಕ್ಕೆ ಓಡಿಸುತ್ತಾರೆ. ಹೊಸ ಉಪಕರಣ ಮಾಡಿದವರು ಅದನ್ನು ಇಲ್ಲಿಗೆ ತಂದು ಆ ಕಿರಣಕ್ಕೆ ಒಡ್ಡಿ, ತಡೆಯುತ್ತದೋ ಮಕಾಡೆ ಮಲಗುತ್ತದೋ ನೋಡಿಕೊಂಡು ಹೋಗುತ್ತಾರೆ. ಕಿರಣ ಓಡಬೇಕಾದರೆ ಕೊಳವೆಯೊಳಗೆ ಗಾಳಿ ಇರಕೂಡದು. “ತುಂಬಿದ ಬಸ್ ಸ್ಟ್ಯಾಂಡಲ್ಲಿ ಓಡೋಕಾಗತ್ತಾ? ಅವರಿವರಿಗೆ ಗುದ್ದಿ ಬೀಳ್ತೀರಿ. ಅದಕ್ಕೇ ಮೊದಲು ಬಸ್ ಸ್ಟ್ಯಾಂಡ್ ಖಾಲಿ ಮಾಡಿಸ್ಬೇಕು. ಅದು ನನ್ನ ಕೆಲಸ,” ಎನ್ನುತ್ತಾರೆ ಪಂಕ್ಚರಕ್ಕ. ಪಂಪುಗಳು ಗಾಳಿಯನ್ನು ಹಗಲಿರುಳು ಎಳೆಯುತ್ತಲೇ ಇರುತ್ತವೆ. ಕೂದಲೆಳೆಗಿಂತ ಸಣ್ಣ ತೂತು ಎಲ್ಲಾದರೂ ಬಿತ್ತೋ, ಕೇಂದ್ರಕ್ಕೆ ಕೇಂದ್ರವೇ ಕೈಕಟ್ಟಿ ಕೂರುತ್ತದೆ.

ಅಡ್ಡಹೆಸರು ಬಂದದ್ದೂ ಹೀಗೆ ಯಾರಿಗೋ ವಿವರಿಸುವಾಗಲೇ. “ಪಂಕ್ಚರ್ ಅಂಗಡಿಯವನು ಟ್ಯೂಬನ್ನ ನೀರಲ್ಲಿ ಮುಳುಗಿಸಿ, ಒಳಗಿನ ಗಾಳಿ ಎಲ್ಲಿ ಹೊರಗೆ ಬರತ್ತೆ ಅಂತ ನೋಡ್ತಾನೆ. ನಾನು ಹೊರಗಿನ ಗಾಳಿ ಎಲ್ಲಿ ಒಳಗೆ ಹೋಗತ್ತೆ ಅಂತ ನೋಡ್ತೀನಿ. ಅವನು ಕೂತ್ಕೊಂಡು ಮಾಡ್ತಾನೆ, ನಾನು ಬಿದ್ಕೊಂಡು ಮಾಡ್ತೀನಿ. ಅಷ್ಟೇ ಫರಕು.”

ಆಯುಧಗಳು ಎರಡೇ. ಒಂದು, ಹೀಲಿಯಂ ಅನಿಲದ ಸಿಲಿಂಡರಿಗೆ ಸಿಕ್ಕಿಸಿದ, ಸೂಜಿ ಮೂತಿಯ ತೆಳು ನಳಿಕೆ. ಇನ್ನೊಂದು, ಕೊಳವೆಗೆ ಜೋಡಿಸಿದ ಒಂದು ಪೆಟ್ಟಿಗೆ. ಅದಕ್ಕೆ ಅವರಿಟ್ಟ ಹೆಸರು ‘ಮೂಗು’. ಕೊಳವೆಯ ತುಂಡುಗಳು ಕೂಡುವ ಒಂದೊಂದು ಜಾಯಿಂಟಿನ ಸುತ್ತಲೂ ಹೊರಗಿನಿಂದ ಹೀಲಿಯಂ ಊದಬೇಕು. ತೂತಿದ್ದರೆ ಅದು ಒಳಗೆ ನುಸುಳುತ್ತದೆ, ಮೂಗಿಗೆ ವಾಸನೆ ಹತ್ತುತ್ತದೆ, ಪರದೆಯ ಮೇಲಿನ ಅಂಕಿ ಏರುತ್ತದೆ. ಹೀಲಿಯಂ ಮೇಲಕ್ಕೇರುವ ಜಾತಿ, ಹಾಗಾಗಿ ಮೇಲಿನಿಂದ ಕೆಳಕ್ಕೆ ಬರಬೇಕು. ಊದಿ ಕಾಯಬೇಕು. ಅಂಕಿ ಅಲ್ಲಾಡದಿದ್ದರೆ ಮುಂದಿನ ಜಾಯಿಂಟು. ಒಂದಕ್ಕೆ ಎಂಟು ಹತ್ತು ನಿಮಿಷ, ದಿನಕ್ಕೆ ನಲವತ್ತೈದು. ಅಷ್ಟೂ ಸಲ ಮಂಡಿಯೂರುವುದು, ಮಲಗುವುದು, ಏಳುವುದು. ಮನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಪತಿ ಹಳೆಯ ಹೊದಿಕೆ ಕತ್ತರಿಸಿ ಮಂಡಿಗೆ ಕಟ್ಟಿಕೊಳ್ಳುವ ಮೆತ್ತೆ ಹೊಲಿದುಕೊಟ್ಟಿದ್ದಾರೆ. ಇದು ಹದಿನಾಲ್ಕನೇ ಜೊತೆ. “ಲೋಕಕ್ಕೆಲ್ಲ ಅಂಗಿ ಹೊಲೀತಾರೆ, ಹೆಂಡತಿಗೆ ಮಾತ್ರ ಮಂಡಿಬಟ್ಟೆ,” ಎಂದು ನಗುತ್ತಾರೆ. ನಗು ಬಂದಷ್ಟೇ ಬೇಗ ಆಕಳಿಕೆಯೂ ಬರುತ್ತದೆ.

ಇಂದು ಹುಡುಕಾಟದ ಮೂರನೇ ದಿನ. ಕೊಳವೆಯ ನಡುವಿನ ಕವಾಟಗಳನ್ನು ಒಂದೊಂದಾಗಿ ಮುಚ್ಚಿ ನೋಡಿದಾಗ, ಸೋರಿಕೆ ನಡುಭಾಗದಲ್ಲಿದೆ ಎಂದು ಮೊದಲ ಗಂಟೆಯಲ್ಲೇ ತಿಳಿದಿತ್ತು. ಅಲ್ಲಿರುವುದು ತೊಂಬತ್ತೊಂದು ಜಾಯಿಂಟು. ಕಂಟ್ರೋಲ್ ರೂಮಿನ ಬೆಂಚಿನ ಮೇಲೆ, ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಉಪಕರಣವನ್ನು ತೊಡೆಯ ಮೇಲಿಟ್ಟುಕೊಂಡು, ದೂರದಿಂದ ಬಂದ ಮೇಷ್ಟ್ರೊಬ್ಬರು ಕೂತಿದ್ದಾರೆ. ಸಣ್ಣ ಕಾಲೇಜಿನವರು. ಕಿರಣಚಿಕಿತ್ಸೆಯಲ್ಲಿ ರೋಗಿಯ ಮೈಗೆ ಎಷ್ಟು ಕಿರಣ ಬಿತ್ತು ಎಂದು ಕಣ್ಣು ಮಿಟುಕಿಸುವುದರೊಳಗೆ ಅಳೆಯುವ ಉಪಕರಣ ಅದು. ಎಂಟು ವರ್ಷದ ದುಡಿಮೆ. ಹದಿನಾಲ್ಕು ತಿಂಗಳು ಸರದಿಯಲ್ಲಿ ಕಾದು ಅವರಿಗೆ ಸಿಕ್ಕಿದ್ದು ಆರು ದಿನ. ಮೂರನೇ ದಿನವಾದ ಇಂದು ಸಂಜೆ ಐದರೊಳಗೆ ಕಿರಣ ಬಾರದಿದ್ದರೆ ಉಳಿದ ದಿನಗಳು ಮುಂದಿನ ತಂಡದ ಪಾಲು. ಇವರು ಮತ್ತೆ ಸರದಿಯ ಬಾಲ ಹಿಡಿಯಬೇಕು.

ಪಾಳಿಯ ಮುಖ್ಯಸ್ಥ ಫ್ಲಾಸ್ಕಿನಲ್ಲಿ ಚಹಾ ಹಿಡಿದು ಸುರಂಗದ ಬಾಗಿಲಿಗೆ ಬರುತ್ತಾರೆ. ಪಂಕ್ಚರಕ್ಕ ಕೊಳವೆಯಡಿಯಿಂದ ಈಚೆ ಬಂದು ಗೋಡೆಗೆ ಒರಗುತ್ತಾರೆ.

“ಅಕ್ಕ, ಇನ್ನೆಷ್ಟು ಬಾಕಿ?”

“ಒಂದು.”

“ಯಾವುದದು?”

“ಐವತ್ತೆಂಟು. ದೊಡ್ಡ ಆಯಸ್ಕಾಂತದ ಹಿಂದಿಂದು.”

“ಅಲ್ಲೂ ಇಲ್ದೇ ಹೋದ್ರೆ ಏನ್ ಗತಿ?”

“ಅಲ್ಲೇ ಇದೆ,” ಎನ್ನುತ್ತಾರೆ ಪಂಕ್ಚರಕ್ಕ, ಚಹಾ ಮುಟ್ಟದೆ.

“ಇನ್ನೂ ನೋಡೇ ಇಲ್ವಲ್ಲ?”

ಪಂಕ್ಚರಕ್ಕ, ಕಿರಣ ಚದುರದಂತೆ ಕೊಳವೆಯ ಸುತ್ತ ಕೂರಿಸಿದ ಆ ಆಯಸ್ಕಾಂತದ ಸಂದಿಯಲ್ಲಿ ಭುಜ ತುರುಕಿ, ನಳಿಕೆಯನ್ನು ಒಳಗೆ ಚಾಚಿ, ಒಮ್ಮೆ ಊದುತ್ತಾರೆ. ಮೂಗಿನ ಪೆಟ್ಟಿಗೆ ಕಿರ್ರೆನ್ನುತ್ತದೆ. ಅಂಕಿ ಒಂದೇ ಸಲಕ್ಕೆ ನೂರು ಪಟ್ಟು ಜಿಗಿಯುತ್ತದೆ. ಮುಖ್ಯಸ್ಥ “ಸಿಕ್ತು!” ಎಂದು ಕೂಗಿಯೇಬಿಡುತ್ತಾರೆ. ಹುಡುಕಿದವರ ಮುಖದಲ್ಲಿ ಮಾತ್ರ ಗೆಲುವಿಲ್ಲ.

ಎರಡು ಕೊಳವೆಗಳು ಸೇರುವಲ್ಲಿ ನಡುವೆ ಒಂದು ತಾಮ್ರದ ಉಂಗುರ ಕೂರುತ್ತದೆ. ಬೋಲ್ಟು ಬಿಗಿದಾಗ ಎರಡೂ ಕಡೆಯ ಉಕ್ಕಿನ ಅಂಚು ತಾಮ್ರವನ್ನು ಕಚ್ಚಿ ಹಿಡಿಯುತ್ತದೆ. ಒಮ್ಮೆ ಕಚ್ಚಿದ ಉಂಗುರವನ್ನು ಮತ್ತೆ ಹಾಕಬಾರದು. ಈ ಕಸುಬಿನಲ್ಲಿ ಮೊದಲ ದಿನ ಕಲಿಯುವ ಪಾಠ ಅದು. ಎಂಟು ತಿಂಗಳ ಹಿಂದೆ ಒಂದು ದಿನ ಐವತ್ತೆಂಟನೇ ಜಾಯಿಂಟನ್ನು ಬಿಚ್ಚಿ ಕೂಡಿಸಬೇಕಾಯಿತು. ಉಂಗುರದ ಡಬ್ಬಿ ಬರಿದಾಗಿತ್ತು, ಉಗ್ರಾಣದವರು “ಮುಂದಿನ ವಾರ ಬರತ್ತೆ” ಎಂದರು, ಮೇಲಿನವರು “ಇವತ್ತೇ ಆಗ್ಬೇಕು” ಎಂದರು. ಪಂಕ್ಚರಕ್ಕನದು ಅಂದು ಸತತ ಎರಡನೇ ಪಾಳಿ. ಹಳೆಯ ಉಂಗುರವನ್ನೇ ಒರೆಸಿ ಕೂರಿಸಿದರು. ಹೊಸದು ಬಂದ ಕೂಡಲೇ ಬದಲಿಸೋಣ ಎಂದುಕೊಂಡರು. ದಿನದ ಕೆಲಸ ದಾಖಲಿಸುವ ಪುಸ್ತಕದಲ್ಲಿ ಬರೆಯಲಿಲ್ಲ. ಹೊಸ ಡಬ್ಬಿ ಬಂತು, ಬೇರೆ ಕೆಲಸಗಳೂ ಬಂದವು, ಅದು ಹಾಗೇ ಉಳಿಯಿತು. ಕಳೆದ ವಾರ ತಂಪು ನೀರಿನ ಪಂಪು ಕೆಟ್ಟು, ಕೊಳವೆ ಕಾದು, ಮತ್ತೆ ತಣ್ಣಗಾದಾಗ ಉಂಗುರ ಹಿಡಿತ ಬಿಟ್ಟಿತು.

“ಮೊದಲನೇ ದಿನಾನೇ ಎದೆಯಲ್ಲಿ ಚುರ್ ಅಂದಿತ್ತು,” ಎನ್ನುತ್ತಾರೆ ಪಂಕ್ಚರಕ್ಕ. “ಆಯಸ್ಕಾಂತ ಅಡ್ಡ ಇದೆ, ಕೊನೇಲಿ ನೋಡೋಣ ಅಂದೆ. ಯಾರೂ ಯಾಕೆ ಅಂತ ಕೇಳಲಿಲ್ಲ. ನಾನು ಹೇಳಿದ್ಮೇಲೆ ಕೇಳೋರು ಯಾರು? ಎರಡು ದಿನ ಅದೊಂದು ಬಿಟ್ಟು ಎಲ್ಲಾ ಹುಡುಕಿದೆ. ಬೇರೆ ಎಲ್ಲಾದ್ರೂ ಇರ್ಲಿ ದೇವರೇ ಅಂತ ಬೇಡ್ಕೊಂಡು ಬೇಡ್ಕೊಂಡು ಹುಡುಕಿದೆ. ಜಾಯಿಂಟು ನೋಡಿ ಸುಸ್ತಾಗಿದ್ದಲ್ಲ ಕಣ್ರೀ ಇದು. ಬೇಡ್ಕೊಂಡು ಸುಸ್ತಾಗಿದ್ದು.”

ಉಳಿದಿರುವುದು ಹನ್ನೊಂದು ಗಂಟೆ. ನಡುಭಾಗಕ್ಕೆ ಒಣ ನೈಟ್ರೋಜನ್ ಬಿಟ್ಟು ಒತ್ತಡ ಸರಿಮಾಡಬೇಕು, ಹದಿನಾರು ಬೋಲ್ಟು ಬಿಚ್ಚಬೇಕು, ಹೊಸ ಉಂಗುರ ಕೂರಿಸಬೇಕು, ಎದುರುಬದುರು ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಬರಬೇಕು. ಬರಿಗೈ ತಗುಲಿದರೆ ಬೆರಳಿನ ಜಿಡ್ಡೇ ತಿಂಗಳುಗಟ್ಟಲೆ ಕಾಡುತ್ತದೆ, ಹಾಗಾಗಿ ಕೈಗವಸು ನಾಲ್ಕು ಸಲ ಬದಲಾಗುತ್ತದೆ. ಒಂಬತ್ತೂಮುಕ್ಕಾಲಿಗೆ ಪಂಪು ಶುರು. ಆಮೇಲೆ ಕೈಯಲ್ಲೇನೂ ಇಲ್ಲ, ಕೊಳವೆಯೊಳಗಿನ ಒತ್ತಡದ ಅಂಕಿ ಇಳಿಯುವುದನ್ನು ನೋಡುತ್ತ ಕೂರಬೇಕು ಅಷ್ಟೆ.

ಕೂರುವ ಮುನ್ನ ಅವರು ಕಳಚಿದ ಉಂಗುರವನ್ನು ತಂದು ಮುಖ್ಯಸ್ಥರ ಮೇಜಿನ ಮೇಲಿಡುತ್ತಾರೆ. ಒಂದು ಕಚ್ಚಿದ ಗುರುತು, ಅದರ ಪಕ್ಕದಲ್ಲೇ ಕೂದಲೆಳೆಯಷ್ಟು ಸರಿದು ಇನ್ನೊಂದು. ಕಸುಬು ಬಲ್ಲವರಿಗೆ ಬೇರೆ ಸಾಕ್ಷಿ ಬೇಡ. ಮುಖ್ಯಸ್ಥ ಬಾಗಿಲ ಕಡೆ ನೋಡಿ ದನಿ ತಗ್ಗಿಸುತ್ತಾರೆ. “ಅಕ್ಕ, ‘ಉಂಗುರ ಹಳೆಯದಾಗಿತ್ತು’ ಅಂತ ಬರ್ದು ಮುಗಿಸಿ. ಸುಳ್ಳೂ ಅಲ್ಲ. ನಿವೃತ್ತಿಗೆ ನಾಲ್ಕು ತಿಂಗಳಿರೋವಾಗ ಯಾಕೆ ಮೈಮೇಲೆ ಎಳ್ಕೋತೀರಾ?”

“ಹಾಗೆ ಬರೆದ್ರೆ ನಾಳೆ ಓದೋರು ಉಂಗುರ ಮಾಡಿದೋರನ್ನ ಬೈತಾರೆ,” ಎನ್ನುತ್ತಾರೆ ಪಂಕ್ಚರಕ್ಕ. ದಾಖಲೆ ಪುಸ್ತಕದ ಕಾರಣದ ಅಂಕಣದಲ್ಲಿ ದುಂಡು ಅಕ್ಷರದಲ್ಲಿ ಬರೆಯುತ್ತಾರೆ: ಒಮ್ಮೆ ಬಳಸಿದ ಉಂಗುರವನ್ನು ಮತ್ತೆ ಹಾಕಿದ್ದು ನಾನು, ತಿಳಿಸದೆ ಇದ್ದದ್ದೂ ನಾನು. ಬರೆದು, ಮೇಷ್ಟ್ರಿದ್ದ ಬೆಂಚಿಗೆ ಹೋಗಿ ಅದನ್ನೇ ಬಾಯಲ್ಲೂ ಹೇಳುತ್ತಾರೆ.

ಮೇಷ್ಟ್ರ ಮುಖ ಕೆಂಪಾಗುತ್ತದೆ. “ಅಂದ್ರೆ, ಎರಡು ದಿನದ ಹಿಂದೇನೇ ನಿಮಗೆ ಗೊತ್ತಿತ್ತು?”

“ಅನುಮಾನ ಇತ್ತು ಸಾರ್.”

“ಎರಡಕ್ಕೂ ಏನ್ರೀ ವ್ಯತ್ಯಾಸ? ಹದಿನಾಲ್ಕು ತಿಂಗಳು ಕಾದಿದ್ದೀನಿ ನಾನು!”

“ವ್ಯತ್ಯಾಸ ಇಲ್ಲ ಸಾರ್. ನಿಮ್ಮ ಎರಡು ದಿನ ನಾನೇ ತಿಂದೆ.”

ಮೇಷ್ಟ್ರು ಉಪಕರಣ ಎತ್ತಿಕೊಂಡು ಕಾರಿಡಾರಿನ ಆ ತುದಿಗೆ ಹೋಗಿ ನಿಲ್ಲುತ್ತಾರೆ. ಪಂಕ್ಚರಕ್ಕ ಹಿಂದೆ ಹೋಗುವುದಿಲ್ಲ. ಪಂಪಿನ ಪಕ್ಕದ ಸ್ಟೂಲಿನ ಮೇಲೆ ಕೂರುತ್ತಾರೆ, ಮಂಡಿ ನೀವಿಕೊಳ್ಳುತ್ತಾರೆ. ಹನ್ನೆರಡಾಗುತ್ತದೆ, ಎರಡಾಗುತ್ತದೆ. ಅಂಕಿ ಇಳಿಯುತ್ತದೆ, ನಿಲ್ಲುತ್ತದೆ, ಮತ್ತೆ ಚೂರು ಇಳಿಯುತ್ತದೆ. ಮೂರೂವರೆಗೆ ಹೊಸ ಜಾಯಿಂಟಿಗೆ ಹೀಲಿಯಂ ಊದಿ ನೋಡುತ್ತಾರೆ. ಮೂಗು ತೆಪ್ಪಗಿದೆ. ನಾಲ್ಕೂ ಇಪ್ಪತ್ತಕ್ಕೆ ಅಂಕಿ, ಕಿರಣ ಬಿಡಲು ಗೊತ್ತುಮಾಡಿದ ಗೆರೆಯಿಂದ ಕೆಳಗೆ ಬರುತ್ತದೆ. ಸುರಂಗದಲ್ಲಿ ಯಾರೂ ಇಲ್ಲವೆಂದು ನೋಡಿ ಬಾಗಿಲು ಹಾಕುತ್ತಾರೆ. ಐದಕ್ಕೆ ಏಳು ನಿಮಿಷ ಇರುವಾಗ ಕಂಟ್ರೋಲ್ ರೂಮಿನ ಪರದೆಯ ಮೇಲೆ ಸಾಸಿವೆಯಷ್ಟು ಬೆಳಕಿನ ಚುಕ್ಕೆ ಮೂಡುತ್ತದೆ. ಕಿರಣ ಬಂದಿದೆ.

ಚಪ್ಪಾಳೆಯೇನೂ ಇಲ್ಲ, ಎಲ್ಲರೂ ಅಷ್ಟು ಸೋತಿದ್ದಾರೆ. ಮೇಷ್ಟ್ರು ಚುಕ್ಕೆಯಿಂದ ಕಣ್ಣು ತೆಗೆಯದೆ ಮುಖ್ಯಸ್ಥರನ್ನು ಕೇಳುತ್ತಾರೆ, “ಇನ್ನು ಮೂರು ದಿನ ಕೊಳವೆ ನೋಡ್ಕೊಳ್ಳೋರು ಯಾರು?”

“ಬೇರೆಯವರನ್ನ ಹಾಕಿಸ್ತೀನಿ ಸಾರ್, ನಿಮಗೆ ಬೇಜಾರಿದ್ರೆ...”

“ಬೇಜಾರಿದೆ. ಆದ್ರೂ ಇವರೇ ಇರ್ಲಿ. ತಪ್ಪಾದ್ರೆ ಬಂದು ಹೇಳ್ತಾರೆ ಅಂತಾದ್ರೂ ಗೊತ್ತಾಯ್ತಲ್ಲ.”

“ನನ್ನ ಮಂಡೀನೂ ಒಂದು ಮಾತು ಕೇಳ್ಬೇಕಿತ್ತು ಸಾರ್,” ಎನ್ನುತ್ತಾರೆ ಪಂಕ್ಚರಕ್ಕ. ಮೇಷ್ಟ್ರು ನಗುವುದಿಲ್ಲ. ಪಕ್ಕದ ಕುರ್ಚಿಯ ಮೇಲಿದ್ದ ತಮ್ಮ ಚೀಲವನ್ನು ಮಾತ್ರ ತೆಗೆದು ಕೆಳಗಿಡುತ್ತಾರೆ. ಪಂಕ್ಚರಕ್ಕ ಆ ಕುರ್ಚಿಯಲ್ಲಿ ಕೂರುತ್ತಾರೆ.

ನಿವೃತ್ತಿಯಾದ ಮೇಲೆ ಏನು ಮಾಡುತ್ತೀರಿ ಎಂದರೆ, ಮಲಗ್ತೀನಿ ಎನ್ನುತ್ತಾರೆ. ಏನಾದರೂ ಆಸೆ ಉಂಟೇ ಎಂದರೆ, ಮಂಡಿಯ ಮೆತ್ತೆ ಬಿಚ್ಚುತ್ತ ಹೇಳುತ್ತಾರೆ:

“ನನ್ನ ಜಾಗಕ್ಕೆ ಯಾರೋ ಬರ್ತಾರಲ್ಲ, ಉಂಗುರದ ಡಬ್ಬಿ ಖಾಲಿಯಾದ ದಿನ ‘ಇವತ್ತು ಆಗಲ್ಲ’ ಅನ್ನೋಕೆ ಅವರನ್ನ ಬಿಡಬೇಕು. ಮೂವತ್ತೊಂದು ವರ್ಷದಲ್ಲಿ ನಾನು ಆ ಮಾತು ಒಂದು ಸಲಾನೂ ಆಡಿಲ್ಲ. ಅದನ್ನೇ ದೊಡ್ಡಸ್ತಿಕೆ ಅಂದ್ಕೊಂಡಿದ್ದೆ.”