ಯಂತ್ರಕ್ಕೆ ಕೈಯಾದವನು

ನಮ್ಮಣ್ಣ ಏನು ಕೆಲಸ ಮಾಡುತ್ತಾನೆ ಎಂದು ಯಾರಾದರೂ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹೇಳಿದರೆ ನಗುತ್ತಾರೆ. ಅವನು ಒಂದು ಯಂತ್ರದ ಕೈ. ಗೋ ಅಂತ ಒಂದು ಆಟ; ಹಲಗೆಯ ತುಂಬ ಅಡ್ಡ ಉದ್ದ ಗೆರೆಗಳು, ಗೆರೆ ಕೂಡುವಲ್ಲಿ ಒಬ್ಬರು ಕಪ್ಪು ಕಲ್ಲು, ಇನ್ನೊಬ್ಬರು ಬಿಳಿ ಕಲ್ಲು ಇಡುತ್ತಾ ಜಾಗ ಸುತ್ತುವರಿಯಬೇಕು. ಈಗ ಮನುಷ್ಯರ ಆಟ ಯಾರಿಗೆ ಬೇಕು? ಯಂತ್ರಗಳೇ ಒಂದರೆದುರು ಒಂದು ಪಂದ್ಯ ಆಡುತ್ತವೆ. ಬುದ್ಧಿ ಎಷ್ಟಿದ್ದರೇನು, ಅವಕ್ಕೆ ಕೈಯಿಲ್ಲವಲ್ಲ! ಪರದೆಯ ಮೇಲೆ ಯಂತ್ರ ತೋರಿಸಿದ ಕಡೆ ಅಣ್ಣ ಕಲ್ಲಿಡಬೇಕು, ಎದುರಿನವರು ಇಟ್ಟದ್ದನ್ನು ಯಂತ್ರಕ್ಕೆ ತಿಳಿಸಬೇಕು. ಸ್ವಂತ ತಲೆ ಓಡಿಸುವ ಹಾಗಿಲ್ಲ.

"ತಲೆ ಮನೇಲಿಟ್ಟು ಹೋಗೋದಕ್ಕೂ ಸಂಬಳ ಕೊಡ್ತಾರಾ?" ಎಂದು ನಾನು ಛೇಡಿಸಿದರೆ, "ನೀನು ಬಾಯಿ ಮನೇಲಿಟ್ಟು ಬಾರೇ, ನಿಂಗೂ ಕೊಡಿಸ್ತೀನಿ" ಅನ್ನುತ್ತಿದ್ದ.

ಒಳಗೊಳಗೇ ಅವನಿಗೆ ಜಂಬವಿತ್ತು. ಎರಡು ಬೆರಳ ನಡುವೆ ಕಲ್ಲು ಹಿಡಿದು ಟಕ್ಕೆಂದು ಇಟ್ಟರೆ ಗೆರೆಯ ಮೇಲೆ ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ. ಅಪ್ಪನ ಕೈಯೂ ಹಾಗೇ ಇತ್ತು. ಅಪ್ಪನದು ಕ್ಷೌರದಂಗಡಿ. ಒಂದು ದಿನ ಅವರ ಬಲಗೈ ಹೆಬ್ಬೆರಳು ತಾನಾಗಿ ನಡುಗಲು ಶುರುವಾಯಿತು. ಆಮೇಲೆ ಒಬ್ಬರ ಕಿವಿಯ ಹಿಂದೆ ಕತ್ತಿ ತಗುಲಿತು. ಗಿರಾಕಿಗಳು ಜಗಳವಾಡಲಿಲ್ಲ, ಬರುವುದನ್ನು ಬಿಟ್ಟರು, ಅಷ್ಟೆ. ಕೊನೆಕೊನೆಗೆ ಅಮ್ಮನೇ ತುತ್ತು ಇಡಬೇಕಾಯಿತು. ಮಕ್ಕಳಿಗೂ ಬರಬಹುದು ಎಂದಿದ್ದರು ಡಾಕ್ಟರು. ಮುಚ್ಚಿದ ಆ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲೇ ನಾನೂ ಅಣ್ಣನೂ ಇರುವುದು. ಡಾಕ್ಟರ ಆ ಮಾತನ್ನು ಮಾತ್ರ ನಾವಿಬ್ಬರೂ ಎತ್ತುವುದಿಲ್ಲ.

ಈಚೆಗೆ ಅಣ್ಣ ಟೀ ಅರ್ಧ ಲೋಟ ಸಾಕು ಅನ್ನುತ್ತಿದ್ದ. ಅದನ್ನೂ ಬಾಲ್ಕನಿಗೆ ಒಯ್ದು ನನಗೆ ಬೆನ್ನು ಹಾಕಿ ಕುಡಿಯುತ್ತಿದ್ದ. "ಯಂತ್ರದ ಸಹವಾಸ ಮಾಡಿ ಹಸಿವೂ ಸತ್ತುಹೋಯ್ತಾ?" ಎಂದು ನಾನು ಹಂಗಿಸುತ್ತಿದ್ದೆ. ಅವನು ನಗುತ್ತಿದ್ದ.

ಫೈನಲ್ ಪಂದ್ಯಕ್ಕೆ ನಾನೂ ಹೋದೆ. ಹಲಗೆಯ ಮೇಲ್ಗಡೆ ಕ್ಯಾಮೆರಾ. ಗೋಡೆಯಷ್ಟು ದೊಡ್ಡ ಬಿಳಿ ಪರದೆಯಲ್ಲಿ ಹಲಗೆ, ಅದರೊಳಕ್ಕೆ ಬಂದು ಹೋಗುವ ಎರಡು ಕೈಗಳು. ಮುಖಗಳೇ ಕಾಣುವುದಿಲ್ಲ. ಅಣ್ಣನದು ಕಪ್ಪು ಕಲ್ಲು. ಮಧ್ಯಾಹ್ನದ ವಿರಾಮಕ್ಕೆ ಇನ್ನೇನು ಸ್ವಲ್ಪ ಹೊತ್ತಿದೆ ಅನ್ನುವಾಗ ಅವನು ಒಂದು ಕಲ್ಲಿಟ್ಟು, ಎಡಗೈಯಿಂದ ಬಲಗೈ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಪ್ಪ ಹಾಗೇ ಹಿಡಿದುಕೊಳ್ಳುತ್ತಿದ್ದರು.

ವಿರಾಮದಲ್ಲಿ ಕುಡಿಯುವ ನೀರಿನ ನಲ್ಲಿಯ ಹತ್ತಿರ ಅವನನ್ನು ಅಡ್ಡಹಾಕಿದೆ.

"ಏನಾಯ್ತೋ ಅಣ್ಣ? ನಿಜ ಹೇಳು."

"ಮೂಲೇಲಿ ಕಲ್ಲು ಒಂದು ಗೆರೆ ಎಡಕ್ಕೆ ಬಿತ್ತು. ಯಂತ್ರ ಹೇಳಿದ್ದು ಒಂದು ಕಡೆ, ನಾನಿಟ್ಟಿದ್ದು ಅದರ ಪಕ್ಕದಲ್ಲಿ."

"ಅಯ್ಯೋ, ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಯಾಕೆ ಬಿತ್ತು ಅಂತ ಕೇಳ್ತಾರಲ್ಲ."

ಆಮೇಲೆ ಮೆಲ್ಲಗೆ ಬಿಡಿಸಿ ಹೇಳಿದ. ತಾನು ಹೇಳಿದ ಕಡೆಯೇ ಕಲ್ಲಿದೆ ಎಂದು ಅವನ ಯಂತ್ರ ನಂಬಿಕೊಂಡಿದೆ. ಎದುರಿನ ಯಂತ್ರಕ್ಕೆ ತಿಳಿಸಿರುವುದು ಹಲಗೆಯ ಮೇಲೆ ಕಂಡದ್ದನ್ನು. ಈಗ ಅವೆರಡೂ ಆಡುತ್ತಿರುವುದು ಬೇರೆ ಬೇರೆ ಆಟ. "ಮುಂದೆ ಯಾವಾಗಲಾದ್ರೂ ಅದು ಆ ಪಕ್ಕದ ಜಾಗಾನೂ ಕೇಳುತ್ತೆ. ಆಗ ನಾನು ಮೊದಲನೇ ಜಾಗದಲ್ಲಿ ಇಟ್ಬಿಡ್ತೀನಿ. ಎರಡೂ ಭರ್ತಿ, ಲೆಕ್ಕ ಸರಿ. ಯಾರಿಗೂ ಗೊತ್ತಾಗಲ್ಲ."

"ಅಷ್ಟರಲ್ಲಿ ಬಿಳಿ ಅಲ್ಲೇ ಬಂದು ಕೂತ್ರೆ?"

ಗಂಟೆ ಹೊಡೆಯಿತು, ಒಳಗೆ ಹೋದೆವು.

ಆಮೇಲಿನದು ನನ್ನ ಶತ್ರುವಿಗೂ ಬೇಡ. ಬಿಳಿ ಕಲ್ಲಿನ ಕೈ ಪರದೆಯೊಳಕ್ಕೆ ಬಂದಾಗಲೆಲ್ಲ ನನ್ನ ಕಣ್ಣು ಮೂಲೆಯ ಆ ಖಾಲಿ ಜಾಗಕ್ಕೇ ಹೋಗುತ್ತಿತ್ತು. ಅಲ್ಲೊಬ್ಬ ಮೈಕು ಹಿಡಿದು ಆಟ ವಿವರಿಸುತ್ತಿದ್ದ. "ಕಪ್ಪು ಆ ಮೂಲೆಯನ್ನ ಬೇಕಂತಲೇ ಬಿಟ್ಟಿದೆ, ನೋಡಿ! ಏನು ಆಳ, ಏನು ಧೈರ್ಯ! ಮನುಷ್ಯರ ಕೈಲಾಗೋ ಆಟ ಅಲ್ಲ ಇದು." ಜನ ಚಪ್ಪಾಳೆ ತಟ್ಟಿದರು. ಥೂ ನಿನ್ನ ಬಾಯಿಗೆ ಮಣ್ಣು ಹಾಕ, ಅದು ನಮ್ಮಣ್ಣನ ಹೆಬ್ಬೆರಳು ಕಣೋ ಎಂದು ಕೂಗಬೇಕು ಅನ್ನಿಸಿತು. ಬಿಳಿ ಆ ಮೂಲೆಯ ಸುತ್ತಮುತ್ತ ಬಂತು, ಒಂದು ಸಲ ಪಕ್ಕಕ್ಕೇ ಬಂತು. ಆ ಒಂದು ಜಾಗ ಮಾತ್ರ ಖಾಲಿ ಉಳಿಯಿತು.

ಸಂಜೆಯ ಹೊತ್ತಿಗೆ ಅಣ್ಣ ತನ್ನ ಯಂತ್ರದ ಪರದೆಯಿಂದ ತಲೆಯೆತ್ತಿ ನಾನು ಕೂತ ಕಡೆ ನೋಡಿದ. ಕಂಡೂ ಕಾಣದ ಹಾಗೆ ತಲೆಯಾಡಿಸಿದ. ಯಂತ್ರ ಆ ಪಕ್ಕದ ಜಾಗ ಕೇಳಿತ್ತು! ಇನ್ನೊಂದೇ ಒಂದು ಕಲ್ಲು, ಆಮೇಲೆ ಯಾವ ಭಯವೂ ಇಲ್ಲ.

ಅವನ ಕೈ ಗೋಡೆಯ ಮೇಲೆ ಬಂತು, ಬಾಗಿಲಿನಷ್ಟು ದೊಡ್ಡದಾಗಿ. ಕಲ್ಲು ಆ ಜಾಗದ ಮೇಲೆ ಬಂದು ನಿಂತಿತು, ಇಳಿಯಲಿಲ್ಲ. ಹೆಬ್ಬೆರಳು ಅದುರಿತು, ಮಣಿಕಟ್ಟು ಅದುರಿತು. ಗೆರೆಯ ಈಚೆಗೆ ಬಂತು, ಆಚೆಗೆ ಹೋಯಿತು. ಇಡೋ, ನಮ್ಮಪ್ಪಾ, ಇಟ್ಟುಬಿಡೋ ಎಂದು ಮನಸ್ಸಿನಲ್ಲೇ ಅತ್ತೆ. ಎಡಗೈಯೂ ಪರದೆಯೊಳಕ್ಕೆ ಬಂದು ಬಲಗೈಯನ್ನು ಹಿಡಿಯಿತು. ಎರಡೂ ಸೇರಿ ನಡುಗಿದವು. ಕಲ್ಲು ಜಾರಿ ಬಿತ್ತು. ಅದನ್ನು ಹಿಡಿಯಹೋದ ಬೆರಳು ತಾಗಿ ಆ ಮೂಲೆಯ ಕಲ್ಲುಗಳೆಲ್ಲ ಚೆಲ್ಲಾಪಿಲ್ಲಿಯಾದವು.

ತೀರ್ಪುಗಾರರು ಎದ್ದು ಬಂದರು. ವಯಸ್ಸಾದವರು, ಗದರಲಿಲ್ಲ. ಅಣ್ಣನ ಕೈಯನ್ನೇ ನೋಡುತ್ತಾ, "ಎಷ್ಟು ದಿನದಿಂದ ಹೀಗೆ?" ಎಂದು ಕೇಳಿದರು.

ಇವತ್ತು ಬೆಳಿಗ್ಗೆಯಿಂದ ಅನ್ನುತ್ತಾನೆ ಎಂದುಕೊಂಡಿದ್ದೆ.

"ಹೋದ ಚಳಿಗಾಲದಿಂದ ಸಾರ್," ಅಂದ.

ಬಾಲ್ಕನಿ. ಅರ್ಧ ಲೋಟ. ತುಂಬಿದ ಲೋಟ ತುಳುಕುತ್ತದಲ್ಲ! ಅಪ್ಪನೂ ಮೊದಮೊದಲು ಅರ್ಧವೇ ಕೇಳುತ್ತಿದ್ದರು. ಅಮ್ಮ ಮಾತಿಲ್ಲದೆ ಕೊಡುತ್ತಿದ್ದಳು. ನಾನೋ, ದಿನಾ ಹಂಗಿಸಿ ಕೊಟ್ಟೆ.

ಯಂತ್ರದ ಕಂಪನಿಯವರು ಒಳ್ಳೆಯ ಮಾತಾಡಿಯೇ ಕಳಿಸಿದರು. ಮುಂದಿನ ಸಲದಿಂದ ಯಂತ್ರಗಳು ತಂತಿಯಲ್ಲೇ ಆಡುತ್ತವಂತೆ, ಯಾರ ಕೈಯೂ ಬೇಡವಂತೆ.

ಮನೆಗೆ ಬಂದು ಟೀ ಮಾಡಿದೆ. ಅರ್ಧ ಲೋಟ ತಂದು ಮುಂದಿಟ್ಟೆ. ಅಣ್ಣ ಬಾಲ್ಕನಿಗೆ ಹೋಗಲಿಲ್ಲ. ನನ್ನೆದುರೇ ಎರಡೂ ಕೈಯಲ್ಲಿ ಲೋಟ ಎತ್ತಿದ. ಅರ್ಧವಿದ್ದರೂ ತುಳುಕಿ ಅಂಗಿಯ ಮೇಲೆ ಚೆಲ್ಲಿತು.

"ಏನಾದ್ರೂ ಬೈಯೇ," ಅಂದ. "ನೀನು ಸುಮ್ನಿದ್ರೆ ನಂಗೆ ಭಯ ಆಗುತ್ತೆ."