ಹುಳಿಗಡಿಗೆ ತೊಳೆದವನು

ನನ್ನ ಗಡಿಗೆ ತೊಳೆದವನನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಕ್ಷಮಿಸುವ ಇರಾದೆಯೂ ಇಲ್ಲ. "ಪಾತ್ರೆ ತೊಳೆದಿದ್ದಕ್ಕೆ ಯಾರಾದ್ರೂ ಸಿಟ್ಟಾಗ್ತಾರಾ ತಾತ?" ಎಂದು ಮೊಮ್ಮಕ್ಕಳು ನಗುತ್ತಾರೆ. ನಗಲಿ. ಹೊಟ್ಟೆ ತುಂಬಿದವರಿಗೆ ಎಲ್ಲವೂ ನಗುವೇ.

ನಮ್ಮೂರು ಬಿ.ಜಿ. ಕೆರೆಯ ಮಗ್ಗುಲಿಗಿದೆ. ಊರಿನ ಅಯ್ಯನವರು ಮರಳಿನ ಮೇಲೆ ಅಕ್ಷರ ತಿದ್ದಿಸಿ, "ನನಗೆ ಗೊತ್ತಿರೋದು ಇಷ್ಟೇ ಕಣಪ್ಪ" ಎಂದು ಕೈಮುಗಿದ ಮೇಲೆ, ಮುಂದೆ ಓದಬೇಕೆಂದರೆ ಚಳ್ಳಕೆರೆಗೇ ಹೋಗಬೇಕಿತ್ತು. ಇಪ್ಪತ್ತನೆಯ ಶತಮಾನ ಆಗತಾನೇ ಕಣ್ಣು ಬಿಟ್ಟಿದ್ದ ಕಾಲ ಅದು. ಹಾಸ್ಟೆಲ್ಲು ಗೀಸ್ಟೆಲ್ಲು ಎಂಬ ಮಾತೇ ಇರಲಿಲ್ಲ. ಪೇಟೆಯ ಹಿಂದಿನ ಬೀದಿಯಲ್ಲಿ ಒಬ್ಬ ಅಜ್ಜಿಯ ಮನೆ, ಅದರ ಹಿತ್ತಲಿನಲ್ಲಿ ಒಂದು ಕೋಣೆ, ಕೋಣೆಯ ಮೂಲೆಯಲ್ಲಿ ಒಂದು ಒಲೆ. ಅಲ್ಲಿ ನಾನು ಮತ್ತು ಮೊಳಕಾಲ್ಮೂರಿನ ನೇಕಾರರ ಹುಡುಗನೊಬ್ಬ, ಇಬ್ಬರೇ. ಒಲೆ ಒಂದೇ, ಗಡಿಗೆಗಳು ಬೇರೆ ಬೇರೆ. ಅವನ ಗಡಿಗೆ ನಾನು ಮುಟ್ಟುವಂತಿಲ್ಲ, ನನ್ನದನ್ನು ಅವನು ಮುಟ್ಟುವಂತಿಲ್ಲ. ಎರಡೂ ಮನೆಯವರು ಒಪ್ಪಿ ನಮ್ಮನ್ನು ಅಲ್ಲಿ ಬಿಟ್ಟಿದ್ದೇ ಆ ಮಾತಿನ ಮೇಲೆ.

ಅವನದು ರೇಷ್ಮೆ ಸೀರೆ ನೇಯುವ, ತೆಲುಗು ಮಾತಾಡುವ ಮನೆ. ಅವರಲ್ಲಿ ಮಗ್ಗದ ಗುಂಡಿಗೆ ಇಳಿಯುವ ಮುಂಚೆ ಕೈಕಾಲು ತಿಕ್ಕಿ ತೊಳೆಯಬೇಕಂತೆ. ಮಸಿ, ಎಣ್ಣೆ, ಹುಳಿ ಯಾವುದೂ ರೇಷ್ಮೆಯ ಹತ್ತಿರ ಸುಳಿಯಬಾರದಂತೆ. ಒಂದು ಕಲೆ ಬಿತ್ತೆಂದರೆ ಇಡೀ ಸೀರೆಯೇ ಹೋಯಿತು. ಒಳ್ಳೆಯದೇ, ಮಗ್ಗದ ಮುಂದೆ ಮಾಡಿಕೊಳ್ಳಲಿ. ಈ ಮಹಾರಾಯ ಅದನ್ನು ಒಲೆಯ ಮುಂದಕ್ಕೂ ತಂದ. ನಾನು ಈರುಳ್ಳಿ ಸಿಪ್ಪೆ ಬಿಟ್ಟರೆ ಎರಡು ಬೆರಳಲ್ಲಿ ಎತ್ತಿ, ಸತ್ತ ಹಲ್ಲಿ ಹಿಡಿದವನಂತೆ ಹೊರಗೆ ಎಸೆಯುತ್ತಿದ್ದ. ನಾನು ಮುದ್ದೆ ತಿರುವಿದ ಕೋಲನ್ನು ಒರಗಿಸಿದ ಕಡೆ ಗೋಡೆಗೆ ಸಗಣಿ ಸಾರಿಸುತ್ತಿದ್ದ. ನಾನೂ ಬಿಡುವ ಆಸಾಮಿಯಲ್ಲ. ಅವನು ಸಾರಿಸಿದ ಕಡೆಯೇ ಮರುದಿನ ಹುಡುಕಿ ಕೋಲು ಒರಗಿಸುತ್ತಿದ್ದೆ.

ಅವನ ಕಣ್ಣು ಬಿದ್ದದ್ದು ನನ್ನ ಹುಳಿಗಡಿಗೆಯ ಮೇಲೆ. ನಮ್ಮ ಕಡೆ ಅಂಬಲಿಗೆಂದೇ ಒಂದು ಮಣ್ಣಿನ ಗಡಿಗೆ ಇರುತ್ತದೆ. ಸಂಜೆ ರಾಗಿ ಹಿಟ್ಟು ಕಲಸಿ ಅದರಲ್ಲಿ ಹುಯ್ದಿಟ್ಟರೆ ಬೆಳಗಾಗುವಷ್ಟರಲ್ಲಿ ಹುಳಿ ಬಂದಿರುತ್ತದೆ. ಬೇಕಾದಷ್ಟು ಬಗ್ಗಿಸಿ, ಬೇರೆ ಪಾತ್ರೆಯಲ್ಲಿ ಕಾಯಿಸಿ ಕುಡಿಯುವುದು. ತಳದಲ್ಲಿ ಒಂದಿಷ್ಟು ಉಳಿಸಲೇಬೇಕು, ನಾಳೆಯ ಹುಳಿಗೆ ಅದೇ ತಾಯಿ. ಆ ಗಡಿಗೆಯನ್ನು ತೊಳೆಯುವುದಿಲ್ಲ. ಹೊರಗೆ ಒರೆಸುತ್ತಾರೆ, ಒಳಗೆ ಕೈ ಹಾಕುವುದಿಲ್ಲ. ಹುಳಿ ಮಣ್ಣಿಗೆ ಇಳಿದಿರುತ್ತದೆ. ಒಂದೊಂದು ಮನೆಯ ಹುಳಿಗೆ ಒಂದೊಂದು ರುಚಿ.

ಅವ್ವ ನಾನು ಊರು ಬಿಡುವಾಗ ತನ್ನ ಗಡಿಗೆಯ ಹುಳಿಯನ್ನು ಒಂದು ಚಿಕ್ಕ ಗಡಿಗೆಗೆ ಬಗ್ಗಿಸಿ ನನ್ನ ಕೈಗೆ ಕೊಟ್ಟಿದ್ದಳು. "ದಿನಾ ಬೆಳಿಗ್ಗೆ ಒಂದ್ ಬಟ್ಲು ಕುಡಿದು ಹೋಗು. ಹೊಟ್ಟೆ ತಣ್ಣಗಿದ್ರೆ ತಲೆಗೆ ಅಕ್ಷರ ಹತ್ತುತ್ತೆ" ಎಂದಿದ್ದಳು. ಆ ವರ್ಷವೇ ಪ್ಲೇಗು ಬಂತು. ಊರವರೆಲ್ಲ ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಅವ್ವ ಗುಡಿಸಲಲ್ಲೇ ಹೋದಳು. ನಾನು ಹೋಗುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು. ಸಾವಾದ ಮನೆಯ ಮಣ್ಣಿನ ಪಾತ್ರೆ ಇಟ್ಟುಕೊಳ್ಳಬಾರದೆಂದು ಅವಳ ಗಡಿಗೆಗಳನ್ನೆಲ್ಲ ಒಡೆದು ತಿಪ್ಪೆಗೆ ಹಾಕಿದ್ದರು. ಅವ್ವನ ಕೈಯ ಹುಳಿ ಅಂತ ಈ ಭೂಮಿಯ ಮೇಲೆ ಉಳಿದದ್ದು ಚಳ್ಳಕೆರೆಯ ನನ್ನ ಮೂಲೆಯಲ್ಲಿದ್ದ ಆ ಚಿಕ್ಕ ಗಡಿಗೆಯಲ್ಲಿ ಮಾತ್ರ. ಬೆಳಿಗ್ಗೆ ಬಟ್ಟಲು ಬಾಯಿಗಿಟ್ಟರೆ ಅವಳು ಪಕ್ಕದಲ್ಲೇ ಕೂತ ಹಾಗಿರುತ್ತಿತ್ತು.

ಇದನ್ನು ನಾನು ಅವನಿಗೆ ಹೇಳಿರಲಿಲ್ಲ. ತಾಯಿ ಸತ್ತದ್ದು ಅವನಿಗೆ ಗೊತ್ತಿತ್ತು, ಗಡಿಗೆಯ ಸಂಗತಿ ಗೊತ್ತಿರಲಿಲ್ಲ. ಸತ್ತ ಅವ್ವನನ್ನು ಗಡಿಗೆಯಲ್ಲಿ ಇಟ್ಟುಕೊಂಡಿದ್ದೇನೆ ಎಂದು ಯಾವ ಬಾಯಲ್ಲಿ ಹೇಳಲಿ? ಅವನು ಬೆಳಬೆಳಿಗ್ಗೆ ಮೂಗು ಮುಚ್ಚಿಕೊಂಡು, "ಅಬ್ಬಬ್ಬಾ, ಏಮಿ ವಾಸನ ರಾ! ಇಲಿ ಬಿದ್ದು ಸತ್ತೈತೇನೋ ನೋಡು" ಎನ್ನುತ್ತಿದ್ದ. "ನಿನ್ನ ಮೂಗು ಕೊಯ್ದು ಅದರಾಗೇ ಹಾಕ್ತೀನಿ, ಸುಮ್ನಿರು" ಎನ್ನುತ್ತಿದ್ದೆ. ಅಲ್ಲಿಗೆ ಮುಗಿಯುತ್ತಿತ್ತು.

ಆ ಗಡಿಗೆಯನ್ನು ಮೆಚ್ಚಿದವಳು ಅಜ್ಜಿ ಒಬ್ಬಳೇ. ಬೇಸಿಗೆಯಲ್ಲಿ ಅವಳ ಮನೆಯ ಹುಳಿ ಕೆಟ್ಟುಹೋಗಿತ್ತು. "ಲೇ ಹೈದಾ, ನಿಮ್ಮವ್ವನ ಹುಳಿ ಒಂದ್ ಸೌಟು ಬಗ್ಗಿಸೋ" ಎಂದು ತನ್ನ ಗಡಿಗೆ ಹಿಡಿದುಕೊಂಡು ಬಂದಿದ್ದಳು. ಕೊಟ್ಟಿದ್ದೆ. ಮನಸ್ಸಿಲ್ಲದ ಮನಸ್ಸಿನಿಂದ, ಅರ್ಧ ಸೌಟು. ಆಮೇಲೆ ಅದನ್ನು ಮರೆತೂಬಿಟ್ಟೆ.

ಒಂದು ಸಲ ಅಜ್ಜಿ ಮಗಳ ಬಾಣಂತನಕ್ಕೆ ನಾಯಕನಹಟ್ಟಿಗೆ ಹೋಗಿದ್ದಳು. ಅದೇ ಹೊತ್ತಿಗೆ ಅವನ ಸೋದರಮಾವ ಸೀರೆಗಂಟು ಹೊತ್ತು ಚಳ್ಳಕೆರೆಗೆ ಬರುವವನಿದ್ದ, ನಮ್ಮ ಕೋಣೆಯಲ್ಲೇ ಇಳಿಯುವವನಿದ್ದ. ನಾನು ಕೆರೆಗೆ ಬಟ್ಟೆ ಒಗೆಯಲು ಹೋಗಿ ಬಂದು ನೋಡುತ್ತೇನೆ, ಹಿತ್ತಲ ಗೋಡೆಯ ಮೇಲೆ ನನ್ನ ಗಡಿಗೆ ಬೋರಲಾಗಿ ಬಿಸಿಲಿಗೆ ಒಣಗುತ್ತಿದೆ. ಕೆಂಪಗೆ, ಕುಂಬಾರನ ಮನೆಯಿಂದ ಈಗ ತಂದಂತೆ. ಕೆಳಗೆ ಹುಣಸೆ ಚರಟ, ಬೂದಿ, ತೆಂಗಿನ ನಾರು. ಅವನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಏನು ಹೆಮ್ಮೆ ಅವನ ಮುಖದಲ್ಲಿ!

"ನೋಡು ಹೆಂಗೈತೆ! ಮೂರು ಸಲ ಉಜ್ಜಿದೀನಿ. ಒಳಗೆ ಪಾಚಿ ಕಟ್ಟಿತ್ತು ಕಣೋ, ಅದನ್ನೇ ಕುಡೀತಿದ್ಯಲ್ಲ ನೀನು!"

ಗಡಿಗೆ ಎತ್ತಿ ಒಳಗೆ ಮೂಗಿಟ್ಟೆ. ಬೂದಿ ವಾಸನೆ. ಅವ್ವ ಇರಲಿಲ್ಲ. ಗೋಡೆಯ ಬುಡದಲ್ಲೇ ಕೂತೆ. ಹೊಡೆಯಬೇಕಿತ್ತು, ಹೊಡೆಯಲೂ ಆಗಲಿಲ್ಲ. "ನಿನ್ನ ಬಾಯಿಗೆ ಮಣ್ಣು ಹಾಕ, ಅದು ನಮ್ಮವ್ವನ ಹುಳಿ ಕಣೋ" ಎಂದೆ ಅಷ್ಟೇ. ಅವನ ಮುಖ ಇಳಿಯಿತು. ಏನೋ ಹೇಳಲು ಬಂದ, ನಾನು ಕಿವಿ ಮುಚ್ಚಿಕೊಂಡೆ.

ಆ ಸಂಜೆಯೇ ಹಿಟ್ಟು ಕಲಸಿ ಹುಯ್ದೆ. ಬೆಳಿಗ್ಗೆ ಸಪ್ಪೆ. ಮಾರನೆಯ ದಿನ ಕೊಳೆತ ವಾಸನೆ. ಅದನ್ನು ಚೆಲ್ಲಿ ಬರಿಹೊಟ್ಟೆಯಲ್ಲಿ ಶಾಲೆಗೆ ಹೋದೆ. ಹಲಗೆಯ ಮೇಲೆ ಮೇಷ್ಟರು ಏನು ಬರೆದರೋ, ನನಗೆ ಕಾಣುತ್ತಿದ್ದದ್ದು ಗೋಡೆಯ ಮೇಲಿನ ಕೆಂಪು ಗಡಿಗೆ ಒಂದೇ. ಮೈಯೆಲ್ಲ ಉರಿಯುತ್ತಿತ್ತು. ಇವನಿಗೆ ಏನು ಮಾಡಿದರೆ ಇಷ್ಟೇ ಉರಿದೀತು ಎಂಬ ಒಂದೇ ಯೋಚನೆ.

ಅವನಿಗೂ ಒಂದು ಪ್ರಾಣವಿತ್ತು. ಅವನ ತಾಯಿ ಪುಂಡಿಸೊಪ್ಪು ಹುರಿದು, ಮೆಣಸಿನಕಾಯಿ ಕುಟ್ಟಿ, ಎಣ್ಣೆ ತೇಲುವಂತೆ ಹಾಕಿಕೊಟ್ಟ ಪಚ್ಚಡಿಯ ಜಾಡಿ. ಅವನ ಬಾಯಲ್ಲಿ ಅದು ಗೋಂಗೂರ. ಆ ಜಾಡಿಯ ಮಡಿ ನೋಡಬೇಕಿತ್ತು ನೀವು! ಕೈ ಎರಡು ಸಲ ಒರೆಸಿಕೊಂಡು, ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಿ, ಉಸಿರು ತಾಗೀತೆಂದು ಮುಖ ಅತ್ತ ತಿರುಗಿಸಿ, ಮರದ ಸೌಟಿನಲ್ಲಿ ಒಂದಿಷ್ಟೇ ತೆಗೆಯುತ್ತಿದ್ದ. ಒಂದು ಹನಿ ನೀರು ಬಿದ್ದರೆ ಬೂಸ್ಟು ಬರುತ್ತದೆ ಎಂದು ನನಗೆ ಅವನೇ ಹೇಳಿಕೊಟ್ಟಿದ್ದ. ಪಾಪ, ಯಾರಿಗೆ ಏನು ಹೇಳಿಕೊಡಬೇಕು ಅಂತ ಅವನಿಗೆ ತಿಳಿಯಲಿಲ್ಲ.

ಮಾವನನ್ನು ಕಳಿಸಿ ಬರಲು ಅವನು ಪೇಟೆಗೆ ಹೋದಾಗ ನಾನು ಬಿಂದಿಗೆಯಲ್ಲಿ ಮೊಣಕೈವರೆಗೆ ಕೈ ಅದ್ದಿದೆ. ಒರೆಸಿಕೊಳ್ಳಲಿಲ್ಲ. ಜಾಡಿಯ ಬಟ್ಟೆ ಬಿಚ್ಚಿ, ನೀರು ತೊಟ್ಟಿಕ್ಕುವ ಐದೂ ಬೆರಳನ್ನು ಒಳಗೆ ಇಳಿಸಿ, ಚೆನ್ನಾಗಿ ತಿರುವಿದೆ. ಒಂದು ಹಿಡಿ ತಿಂದೆ ಕೂಡ. ಸುಳ್ಳೇಕೆ, ರುಚಿಯಾಗಿತ್ತು. ಬಟ್ಟೆಯನ್ನು ಅವನು ಕಟ್ಟಿದಂತೆಯೇ ಕಟ್ಟಿಟ್ಟೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಅವತ್ತು ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಆಮೇಲೆ ಕಾದೆ. ಸೇಡಿನ ಸುಖವಿರುವುದು ಆ ಕಾಯುವುದರಲ್ಲೇ. ಅವನು ಬಟ್ಟೆ ಬಿಚ್ಚಿದಾಗಲೆಲ್ಲ ಓರೆಗಣ್ಣಲ್ಲಿ ನೋಡುತ್ತಿದ್ದೆ. ಒಂದು ದಿನ ಬಿಚ್ಚಿದವನು ಹಾಗೇ ಕೂತುಬಿಟ್ಟ. ಪಚ್ಚಡಿಯ ಮೇಲೆ ಬೆಳ್ಳಗೆ, ಕುರಿಮರಿಯ ಮೈಯಂತೆ ಬೂಸ್ಟು ಬೆಳೆದಿತ್ತು. "ಅಯ್ಯೋ, ಅಮ್ಮ ಹಾಕಿದ್ದು..." ಎಂದ. "ಅಯ್ಯೋ ಪಾಪ, ಒಳಗೆ ಪಾಚಿ ಕಟ್ಟಿತಾ? ಉಜ್ಜಿ ತೊಳಿಯಪ್ಪ, ಹುಣಸೆ ಚರಟ ಕೊಡ್ಲಾ?" ಎಂದೆ. ನನ್ನ ಹೊಟ್ಟೆ ತಣ್ಣಗಾಯಿತು. ಅವನು ನನ್ನನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಜಾಡಿಯನ್ನು ಎತ್ತಿಕೊಂಡು ಹೋಗಿ ತಿಪ್ಪೆಗೆ ಸುರಿದು ಬಂದ.

ಅಷ್ಟರಲ್ಲಿ ಒಲೆ ಎರಡು ರಾಜ್ಯವಾಗಿತ್ತು. ನಾನು ಬೆಂಕಿ ಹಾಕಿದರೆ ಅವನು ಉರಿ ತೆಗೆಯುತ್ತಿದ್ದ. ಅವನು ಅನ್ನಕ್ಕಿಟ್ಟರೆ ನಾನು ಕೊಳ್ಳಿ ಎಳೆಯುತ್ತಿದ್ದೆ. ನಾಯಕನಹಟ್ಟಿಯಿಂದ ಅಜ್ಜಿ ವಾಪಸು ಬಂದ ಸಂಜೆ ಇಬ್ಬರೂ ಒಂದೇ ಕೊಳ್ಳಿಯ ಎರಡು ತುದಿ ಹಿಡಿದು ಎಳೆದಾಡುತ್ತಿದ್ದೆವು. ಬಿಸಿ ತುದಿ ಅವನ ಕಡೆಗಿತ್ತು.

"ಏನ್ರೋ ಅದು ನಾಯಿ ಜಗಳ! ಮನೆಗೆ ಬೆಂಕಿ ಇಡ್ತೀರಾ?" ಎಂದು ಅಜ್ಜಿ ಹೊಸಿಲಲ್ಲೇ ಗಂಟು ಇಳಿಸಿ ಕೂಗಿದಳು. ನಾನು ಎಲ್ಲವನ್ನೂ ಒದರಿದೆ. ಅವ್ವ, ಗಡಿಗೆ, ಬೂದಿ, ಹುಣಸೆ ಚರಟ. ಜಾಡಿಯ ಮಾತು ಎತ್ತಲಿಲ್ಲ. ಅವನು ತಲೆ ತಗ್ಗಿಸಿ ನಿಂತಿದ್ದ, ಅವನೂ ಎತ್ತಲಿಲ್ಲ. ಪೆದ್ದ, ಗೊತ್ತಾಗಲಿಲ್ಲ ಎಂದುಕೊಂಡೆ.

ಅಜ್ಜಿ ನನ್ನ ತಲೆಗೆ ಮೊಟಕಿದಳು. "ಅಯ್ಯೋ ಮಂಕೇ, ಬ್ಯಾಸಿಗ್ಯಾಗೆ ನನಗೆ ಒಂದ್ ಸೌಟು ಕೊಟ್ಟಿದ್ಯಲ್ಲೋ! ನಿಮ್ಮವ್ವನ ಹುಳಿ ನನ್ ಗಡಿಗ್ಯಾಗೆ ಐತೆ. ನಾನಿಲ್ದಾಗ ಪಕ್ಕದ ಮನೆಯೋಳು ದಿನಾ ಹಿಟ್ಟು ಹುಯ್ದವಳೆ."

ನಾನು ಒಳಗೆ ಓಡಿದೆ. ಅವಳು ಅಂಗಿ ಹಿಡಿದು ನಿಲ್ಲಿಸಿದಳು. "ದೀಪ ಹಚ್ಚಿದ್ ಮ್ಯಾಲೆ ಹುಳಿ ಕೊಡಬಾರ್ದು. ಬೆಳಿಗ್ಗೆ ಬಾ." ಎಷ್ಟು ಗೋಗರೆದರೂ ಕೇಳಲಿಲ್ಲ. ಆಮೇಲೆ ಅವನ ಕಡೆ ತಿರುಗಿದಳು. "ನೀನು ಕೇಳೋ ಮಡಿವಂತ. ತೊಳೆದ ಗಡಿಗೆಗೆ ಹುಳಿ ಒಂದೇ ದಿನಕ್ಕೆ ಇಳಿಯಲ್ಲ. ಸರಿಹೋಗೋತನಕ ಅದರಾಗಿನ ಅಂಬ್ಲಿ ನೀನೇ ಕುಡೀಬೇಕು, ಚೆಲ್ಲಂಗಿಲ್ಲ. ಇವನು ನನ್ನ ಗಡಿಗೇದು ಕುಡೀತಾನೆ. ನಿಮ್ಮ ಮನ್ಯಾಗೆ ಕೇಳಿದ್ರೆ ಮುದುಕಿ ಕುಡಿಸಿದ್ಲು ಅನ್ನು. ಮಾಡಿದ್ದುಣ್ಣೋ ಮಹಾರಾಯ!"

ಬೆಳಿಗ್ಗೆ ಅಜ್ಜಿ ಒಂದು ಸೌಟು ಹುಳಿ ನನ್ನ ಗಡಿಗೆಗೆ ಬಗ್ಗಿಸಿದಳು. ಅವಳ ಗಡಿಗೆಯ ಅಂಬಲಿ ಬಾಯಿಗಿಟ್ಟೆ. ಅದೇ. ಅತ್ತೆ. ನಾಚಿಕೆ ಏನಿದೆ, ಬಿಕ್ಕಿಬಿಕ್ಕಿ ಅತ್ತೆ. ಮರುದಿನ ಅವನ ಎದುರು ಚಕ್ಕಳಮಕ್ಕಳ ಹಾಕಿ ಕೂತು, ಅವನು ಕುಡಿಯುವುದನ್ನು ನೋಡಿದೆ. ಸಪ್ಪೆಯೂ ಅಲ್ಲದ, ಹುಳಿಯೂ ಅಲ್ಲದ, ಹಸಿ ಬೂದಿಯ ನಾತದ ಆ ಗಂಜಿಯನ್ನು ಅವನು ಮೂಗು ಹಿಡಿದು ನುಂಗುತ್ತಿದ್ದ. "ಇನ್ನೊಂದ್ ಗುಟುಕು ಐತೆ, ತಳ ನೋಡು" ಎಂದು ನಾನು ದಿನವೂ ನೆನಪಿಸುತ್ತಿದ್ದೆ. ಶಾಲೆಯಲ್ಲಿ ಬಹುಮಾನ ಬಂದಾಗಲೂ ಅಷ್ಟು ಖುಷಿಯಾಗಿರಲಿಲ್ಲ.

ಗಡಿಗೆ ನಿಧಾನವಾಗಿ ಸರಿಹೋಯಿತು. ತಮಾಷೆಯೆಂದರೆ ಅಷ್ಟರಲ್ಲಿ ಅವನಿಗೆ ಅಂಬಲಿಯ ರುಚಿ ಹತ್ತಿಬಿಟ್ಟಿತ್ತು. ಸರಿಹೋದ ಮೇಲೂ ಬಟ್ಟಲು ಮುಂದೆ ಚಾಚುತ್ತಿದ್ದ. ನಾನು ಅರ್ಧ ಬಟ್ಟಲೇ ಕೊಡುತ್ತಿದ್ದೆ. ಹೀಗೆ ವರ್ಷ ಕಳೆಯಿತು.

ಆಮೇಲೆ ಅವನ ತಂದೆಗೆ ಕಣ್ಣು ಮಂಜಾಗಿ, ಮಗ್ಗಕ್ಕೆ ಕೂರಲು ಮಗನನ್ನು ಊರಿಗೆ ಕರೆಸಿಕೊಂಡರು. ಹೊರಡುವ ಹಿಂದಿನ ಸಂಜೆ ಅವನು ನನ್ನ ಹತ್ತಿರ ಬಂದು, "ಒಂದ್ ಸೌಟು ಹುಳಿ ಕೊಡ್ತೀಯಾ? ಊರಾಗೆ ಮಾಡ್ಕೊಂಡು ಕುಡೀತೀನಿ" ಎಂದ. ಗೂಡಿನಲ್ಲಿ ದೀಪ ಉರಿಯುತ್ತಿತ್ತು. ದೇವರು ದೊಡ್ಡವನು ಎಂದುಕೊಂಡೆ. "ದೀಪ ಹಚ್ಚಿದ್ ಮ್ಯಾಲೆ ಹುಳಿ ಕೊಡಬಾರ್ದಪ್ಪ" ಎಂದು ಮಗ್ಗುಲು ತಿರುಗಿ ಮಲಗಿದೆ.

ಬೆಳಿಗ್ಗೆ ಗಾಡಿ ಬಂತು. ಗಂಟುಮೂಟೆ ಏರಿಸಿ, ಅವನು ಮತ್ತೆ ಒಳಗೆ ಬಂದ. ಕೈಯಲ್ಲಿ ಅದೇ ಪಚ್ಚಡಿಯ ಜಾಡಿ. ಇನ್ನು ನೆಪವಿರಲಿಲ್ಲ, ಸೌಟು ಎತ್ತಿಕೊಂಡೆ.

"ಒರೆಸಿ ಬಿಸಿಲಿಗಿಟ್ಟಿದ್ದೆ, ಒಂದ್ ಹನಿ ನೀರಿಲ್ಲ ನೋಡ್ಕೋ" ಎಂದು ಜಾಡಿ ಮುಂದೆ ಹಿಡಿದ. ಆಮೇಲೆ ನಕ್ಕು, "ಈಗ ನೀನು ಒದ್ದೆ ಕೈ ಹಾಕಿದ್ರೂ ಕೆಡಲ್ಲ ಬಿಡು" ಎಂದ.

ಸೌಟು ಗಡಿಗೆಯ ಬಾಯಲ್ಲೇ ನಿಂತಿತು. "ಗೊತ್ತಿತ್ತಾ?"

"ನಾನು ಸೌಟಿನಾಗೆ ತಗಿಯೋನು ಕಣೋ. ಬೂಸ್ಟು ಬರೋಕೆ ಮುಂಚೇನೇ ಪಚ್ಚಡಿ ಮ್ಯಾಲೆ ಐದು ಬೆರಳಿನ ಗೆರೆ ಇದ್ವು."

"ಮತ್ತೆ ಅಜ್ಜಿ ಮುಂದೆ ಯಾಕೆ ಹೇಳ್ಲಿಲ್ಲ?"

"ಹೇಳಿ ಏನ್ ಮಾಡ್ಲಿ? ನಮ್ಮಮ್ಮ ಇದ್ದಾಳೆ, ಇನ್ನೊಂದು ಜಾಡಿ ಹಾಕ್ಕೊಡ್ತಾಳೆ. ನಿಂದು ಹಂಗಲ್ವಲ್ಲ."

ಜಾಡಿ ತುಂಬ ಹುಯ್ದೆ. ನನಗೆ ಉಳಿದದ್ದು ತಳದಲ್ಲಿ ಒಂದಿಷ್ಟೇ. ಅವನು ಜಾಡಿಯ ಬಾಯಿಗೆ ಬಟ್ಟೆ ಕಟ್ಟಿ ಗಾಡಿ ಹತ್ತಿದ. ಗಾಡಿ ಮೊಳಕಾಲ್ಮೂರಿನ ದಾರಿ ಹಿಡಿಯಿತು.

ವರ್ಷವಿಡೀ ನಾನು ಗೆದ್ದೆನೆಂದು ಮೆರೆದಿದ್ದೆ. ಅವನು ಮೂಗು ಹಿಡಿದು ಗಂಜಿ ನುಂಗುವುದನ್ನು ಕೂತು ನೋಡಿ ನಕ್ಕಿದ್ದೆ. ಅವನು ಎಲ್ಲ ತಿಳಿದೂ ನುಂಗುತ್ತಿದ್ದ. ನನಗಂತ ಇದ್ದದ್ದು ಆ ಒಂದು ಸೇಡು. ನನ್ನ ಗಡಿಗೆಯನ್ನು ಉಜ್ಜಿದ ಹಾಗೆ ಅದನ್ನೂ ಉಜ್ಜಿ, ಗೋಡೆಯ ಮೇಲೆ ಬೋರಲು ಹಾಕಿ ಹೋಗಿಬಿಟ್ಟ. ಗಡಿಗೆಗಾದರೂ ಅಜ್ಜಿಯ ಮನೆಯಲ್ಲಿ ಹುಳಿ ಸಿಕ್ಕಿತು. ಈ ಸೇಡಿಗೆ ಎಲ್ಲಿಂದ ತರಲಿ? ಇಲ್ಲ, ಅವನನ್ನು ನಾನು ಕ್ಷಮಿಸುವುದಿಲ್ಲ.